ಹುಳ ಮುಟ್ಟಿದ ಮಳೆಗಾಲ

ಹೋದ ತಿಂಗಳು ಜಮಖಂಡಿಯಿಂದ ಬೀಳಗಿಗೆ ಹೊರಟ ಬಸ್ಸಿನಲ್ಲಿದ್ದೆ. ಹೊತ್ತು ಮುಳುಗುವ ಸಮಯ. ಹಿನ್ನೀರಿನ ಕಡೆಯಿಂದ ಗಾಳಿ ಬೀಸಿ, ನೆನೆದ ಎರೆಮಣ್ಣು, ಕೊಳೆತ ಜೋಳದ ಕಣಿಕೆ, ಮೀನು ಎಲ್ಲ ಸೇರಿದ ಆ ಹಳೆಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಡ್ರೈವರು ಒಳಗಿನ ದೀಪ ಹಾಕಿದ್ದೇ ತಡ, ವಾಸನೆಯ ಬೆನ್ನಿಗೇ ಸಣ್ಣ ರೆಕ್ಕೆಯ ಹುಳಗಳು ಹಿಂಡುಹಿಂಡಾಗಿ ನುಗ್ಗಿದವು. ಮುಂದಿನ ಸೀಟಿನ ಹೆಣ್ಣುಮಗಳೊಬ್ಬಳು "ಯವ್ವಾ, ಹುಳಾ! ಹುಳಾ!" ಎಂದು ಚೀರಿದಳು.

ಇಡೀ ಬಸ್ಸು ಕಾಲು ಮೇಲೆತ್ತಿಕೊಂಡಿತು. ನನ್ನ ಪಕ್ಕದ ದಪ್ಪನೆಯ ಗೌಡರು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಕಂಡಕ್ಟರ್ ಕಂಬಿ ಹಿಡಿದು ಜೋತಾಡುತ್ತ, "ಎಲ್ಲೈತ್ರಿ? ಯಾವ ಸೀಟಿನ ಕೆಳಗೈತಿ?" ಎಂದು ಕೂಗಿದ. ಆ ಹೆಣ್ಣುಮಗಳು ನಾಚಿಕೊಂಡು, "ದೀಪದ ಹುಳಾರೀ ಎಪ್ಪಾ, ಮಾರಿಗೆ ಬಡ್ಯಾಕತ್ತಾವು" ಅಂದಳು. ಎಲ್ಲರೂ ಅವಳಿಗೆ ಬೈದು ಒಬ್ಬೊಬ್ಬರಾಗಿ ಕಾಲು ಕೆಳಗಿಟ್ಟರು. ನಾನು ನಕ್ಕಿದ್ದೇ ನಕ್ಕಿದ್ದು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆಮೇಲೆ ಆ ನೀರು ನಿಲ್ಲಲೇ ಇಲ್ಲ. "ಯಾಕ್ರೀ ಅಕ್ಕಾರ, ಏನಾತು?" ಎಂದು ಗೌಡರು ಗಾಬರಿಯಾಗಿ ಕೇಳಿದರು. ಏನೆಂದು ಹೇಳಲಿ? ಅಪ್ಪ ನೆನಪಾಗಿದ್ದ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಹಳೆಯ ಮಂದಿ ಹಾವಿಗೆ ಹಾವು ಅನ್ನುವುದಿಲ್ಲ. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದೆ ಎಂಬ ಅಂಜಿಕೆ. ಹುಳ ಅನ್ನುತ್ತಾರೆ. ಕಚ್ಚಿತು ಅಂತಲೂ ಅನ್ನುವುದಿಲ್ಲ, ಮುಟ್ಟಿತು ಅನ್ನುತ್ತಾರೆ. ನನ್ನ ಜೀವನದ ಒಂದು ಮಳೆಗಾಲ ಪೂರ್ತಿ ಈ ಒಂದು ಮಾತಿನ ಮೇಲೆ ತಿರುಗಿತು.

ಆಲಮಟ್ಟಿಯಲ್ಲಿ ನೀರು ನಿಲ್ಲಿಸಿ, ಹಿನ್ನೀರು ವರ್ಷವರ್ಷಕ್ಕೆ ಬೀಳಗಿ ಕಡೆಯ ಹೊಲಗಳಿಗೆ ಏರತೊಡಗಿದ್ದ ಕಾಲ ಅದು. ನಾನು ಜಮಖಂಡಿಯಲ್ಲಿ ಬಿ.ಎಸ್ಸಿ. ಮುಗಿಸಿ ಬನಹಟ್ಟಿಯ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಸುಳ್ಳು. ನಾನು ಹುಟ್ಟಿದಾಗಿನಿಂದ ಕೂತವಳೇ ಅಲ್ಲ. ಪಡಸಾಲೆಯಿಂದ ಹಿತ್ತಿಲು, ಹಿತ್ತಿಲಿಂದ ಮಾಳಿಗೆ, ಮಾಳಿಗೆಯಿಂದ ಓಣಿ. "ಒಂದ ಕಡೆ ಕುಂದರ ಬೇ ಸುವರ್ಣಾ, ನಿನ್ನ ನೋಡಿ ನನಗ ತಲಿ ತಿರಗತೈತಿ" ಎಂದು ಅವ್ವ ಒದರುತ್ತಿದ್ದಳು. ಓಣಿಯ ತುಂಬ ಪಾವರಲೂಮುಗಳ ಖಟಖಟ. ಆ ಸದ್ದಿಗೂ ನನ್ನ ಕಾಲಿಗೂ ಏನೋ ಸಂಬಂಧ ಇತ್ತೆಂದು ಕಾಣುತ್ತದೆ, ಎರಡೂ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಎರಡು ಸುದ್ದಿ ಒಂದೇ ವಾರದಲ್ಲಿ ಬಂದವು. ಮುಧೋಳದಿಂದ ನೋಡಲು ಬಂದಿದ್ದ ವರನ ಕಡೆಯವರು ಒಪ್ಪಿದರು. ಇನ್ನೊಂದು ಕಡೆ, ಹಿನ್ನೀರಿನ ಹುಳಗಳನ್ನು, ಹಾವಲ್ಲ, ನಿಜವಾದ ಹುಳಗಳನ್ನೇ, ಒಂದು ವರ್ಷ ನೋಡಿ ದಾಖಲಿಸುವ ಕೆಲಸಕ್ಕೆ ಮೇಡಂ ಒಬ್ಬರು ನನ್ನನ್ನು ಸಹಾಯಕಿಯಾಗಿ ತೆಗೆದುಕೊಂಡರು. ಹುಡುಗ ಕೆಟ್ಟವನೇನೂ ಅಲ್ಲ, ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿದ್ದ, ಮಾತು ಕಡಿಮೆ. ಅವನ ತಾಯಿ ಮಾತ್ರ ಚಹಾದ ಬಸಿ ಕೆಳಗಿಡುವ ಮೊದಲೇ ಹೇಳಿಬಿಟ್ಟಿದ್ದರು: "ಹುಳಾ ಹಿಡಕೊಂತ ನೀರಾಗ ಅಡ್ಡಾಡೂ ಸೊಸಿ ನಮಗ ಬ್ಯಾಡ್ರಿ. ಅದನ್ನ ಬಿಟ್ಟರ ಮುಂದಿನ ಮಾತು."

ನಾನು ಊಟ ಬಿಟ್ಟೆ. ಮಾತು ಬಿಟ್ಟೆ. ಅಪ್ಪ ಹಗಲೆಲ್ಲ ಬೇರೆಯವರ ಶೆಡ್ಡಿನಲ್ಲಿ ಪಾವರಲೂಮ್ ನಡೆಸಿ ಬಂದು, ಮನೆಯಲ್ಲಿ ಅಜ್ಜನ ಕಾಲದ ಕುಣಿಮಗ್ಗದಲ್ಲಿ, ಕುಣಿಯೊಳಗೆ ಕಾಲು ಇಳಿಬಿಟ್ಟು, ತಾಸರ್ಧ ತಾಸು ಕೂರುತ್ತಿದ್ದ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮದುವೆಯ ಅರಿಶಿಣಕ್ಕೆ ಅಪ್ಪನೇ ಕೈಯಿಂದ ನೇಯ್ದ ಬಿಳಿ ಸೀರೆ ಬೇಕು. ಕೆಂಪು ಅಂಚು, ಮೈಯೆಲ್ಲ ಬಿಳಿ. ಅರಿಶಿಣ ಮೆತ್ತಿ ಮೆತ್ತಿ ಅದು ಹಳದಿಯಾಗಬೇಕು. ಅಪ್ಪ ಅದಕ್ಕೆ ಮಗ್ಗದ ಉದ್ದಕ್ಕೂ ಹಾಸಿನ ನೂಲು ಹಚ್ಚುತ್ತ ಕೂತಿದ್ದವನು ತಲೆಯೆತ್ತದೆ ಅಂದ: "ಈ ಸೀರಿ ಮಗ್ಗದಿಂದ ಇಳಿಯೂತನಾ ಹೋಗು. ಇಳದ ದಿನಾ ಸುಮ್ನ ಬಂದು ಮನಿ ಸೇರಬೇಕು. ಆತಿಲ್ಲೋ?"

"ಆತಪ್ಪಾ" ಅಂದೆ. ಮಗ್ಗ ಮುಟ್ಟಿ ಹೇಳು ಅಂದ. ಮುಟ್ಟಿ ಹೇಳಿದೆ. ನೇಕಾರರ ಮನೆಯಲ್ಲಿ ಮಗ್ಗ ಮುಟ್ಟಿ ಆಡಿದ ಮಾತನ್ನು ಮುರಿಯುವಂತಿಲ್ಲ. ಪ್ರತಿ ಶನಿವಾರ ದೀಪ ಹಚ್ಚುವುದರೊಳಗೆ ಮನೆಗೆ ಬಂದು ಮುಖ ತೋರಿಸಬೇಕು ಎಂಬುದು ಅವ್ವ ಸೇರಿಸಿದ ಕರಾರು.

ನಮ್ಮ ಕೆಲಸದ ಊರು ಹಿನ್ನೀರಿನ ದಂಡೆಯ ಒಂದು ಸಣ್ಣ ಹಳ್ಳಿ. ಕೆಳಗಿನ ಅರ್ಧ ಊರು ಎದ್ದು ಸರಕಾರ ಕಟ್ಟಿಕೊಟ್ಟ ಹೊಸ ಜಾಗಕ್ಕೆ ಹೋಗಿತ್ತು. ಬಾಗಿಲು, ತೊಲೆ ಕಿತ್ತುಕೊಂಡು ಹೋದ ಮನೆಗಳ ಗೋಡೆ ಮಾತ್ರ ನಿಂತಿದ್ದವು. ಮೇಲಿನ ಓಣಿಯ ಗಂಗವ್ವನ ಮನೆಯಲ್ಲಿ ನನಗೂ ನಮ್ಮ ಮೇಡಂಗೂ ಒಂದು ಕೋಣೆ. ಮೇಡಂ ಅಂದರೆ ಶೈಲಜಾ ಮೇಡಂ, ಮೈಸೂರು ಕಡೆಯವರು, ಹುಳಗಳ ಬಗ್ಗೆ ಓದಿ ಡಾಕ್ಟರ್ ಆದವರು. ಕನ್ನಡಕ, ಮೊಣಕಾಲಿನವರೆಗೆ ರಬ್ಬರ್ ಬೂಟು, ಸದಾ ಹಸನ್ಮುಖ. ಯಾವ ಹುಳ ನೀರು ಏರಿದಂತೆ ಜಾಗ ಬಿಟ್ಟು ಓಡುತ್ತದೆ, ಯಾವುದು ಹೊಸದಾಗಿ ಬಂದು ನೆಲೆಸುತ್ತದೆ ಎಂಬುದೇ ಅವರ ಪ್ರಶ್ನೆ. "ನೀರು ಏರೋದನ್ನ ನೋಡಿದೋರೇ ಇಳಿಯೋದನ್ನೂ ನೋಡ್ಬೇಕು ಸುವರ್ಣ. ಅರ್ಧ ನೋಡಿದ್ರೆ ಏನೂ ನೋಡಿದ ಹಾಗಲ್ಲ" ಅನ್ನುತ್ತಿದ್ದರು. ನೀರು ಇಳಿಯುವುದು ಬೇಸಿಗೆಗೆ. ನನ್ನ ಸೀರೆ ಅಲ್ಲಿಯವರೆಗೆ ಮಗ್ಗದ ಮೇಲೆ ಇರುವುದಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬಹಳ ದಿನ ಬರಲಿಲ್ಲ.

ಮೊದಲ ದಿನವೇ ಫಜೀತಿ. ಊರಿಗೆ ಹುಳ ಹಿಡಿಯುವವರು ಬಂದಿದ್ದಾರೆ ಎಂದು ಸುದ್ದಿಯಾಗಿ, ಒಬ್ಬ ರೈತ ಓಡಿಬಂದು ಮೇಡಂಗೆ ಕೈಮುಗಿದ. "ಬಣವಿಯಾಗ ದೊಡ್ಡ ಹುಳಾ ಹೊಕ್ಕೇತ್ರಿ, ಹಿಡದ ಕೊಡ್ರಿ." ಮೇಡಂ ಖುಷಿಯಿಂದ ಗಾಜಿನ ಸೀಸೆ ತೆಗೆದುಕೊಂಡು ಎದ್ದರು. ನಾನು ಅವರ ತೋಳು ಹಿಡಿದು ಎಳೆದು ಕೂರಿಸಿ ಅರ್ಥ ಹೇಳಿದ ಮೇಲೆ ಅವರ ಮುಖ ನೋಡಬೇಕಿತ್ತು. ಸೀಸೆ ನೋಡಿ ಆ ರೈತನಿಗೂ ನಮ್ಮ ಮೇಲಿನ ಭರವಸೆ ಹೋಯಿತು. ಅಂದಿನಿಂದ ಮೇಡಂಗೆ ನಮ್ಮ ಮಾತು ಕಲಿಯುವ ಹುಚ್ಚು ಹಿಡಿಯಿತು. "ಬರಾಕತ್ತೇನಿ", "ಹೋಗಾಕತ್ತೇನಿ" ಎಂದು ದಂಡೆಯ ಮೇಲೆ ಒಬ್ಬರೇ ಅಂದುಕೊಳ್ಳುತ್ತ ಅಡ್ಡಾಡುವರು. ಕಚ್ಚಿತು ಅನ್ನಬಾರದು, ಮುಟ್ಟಿತು ಅನ್ನಬೇಕು ಎಂದು ಕಲಿಸಿದವಳು ಗಂಗವ್ವ.

ಆ ನೀರಿನಷ್ಟು ತಳಮಳದ ನೀರನ್ನು ನಾನು ಮತ್ತೆ ನೋಡಲಿಲ್ಲ. ಮುಂಜಾನೆ ನಿಂತ ಜಾಗ ಮರುದಿನ ಇರುತ್ತಿರಲಿಲ್ಲ. ನೀರಿಗಿಂತ ಮೊದಲು ಇರುವೆಗಳು ಹೊರಡುತ್ತಿದ್ದವು, ತತ್ತಿ ಕಚ್ಚಿಕೊಂಡು, ಬದುವಿನಿಂದ ಬದುವಿಗೆ. ಅರ್ಧ ಮುಳುಗಿದ ಜಾಲಿಗಿಡದ ತುದಿಯಲ್ಲಿ ಓಡಲಾಗದೆ ಉಳಿದ ಜೀರುಂಡೆ, ಮಿಡತೆ, ಗೊದ್ದ ಒಂದರ ಮೇಲೊಂದು ಕೂತಿರುತ್ತಿದ್ದವು. ಅದೇ ಗಿಡದ ಬುಡದಲ್ಲಿ ಹೊಸಬರ ಸಂಸಾರ: ನೀರಿನ ಮೇಲೆ ಕಾಲು ಚಾಚಿ ಓಡುವವು, ಅಂಗಾತ ಮಲಗಿ ಈಜುವವು, ಕೆಸರಲ್ಲಿ ಕೂತು ಸಣ್ಣ ಮೀನನ್ನೇ ಹಿಡಿದು ತಿನ್ನುವ ಕುರೂಪಿ ಮರಿಗಳು. ಆ ಕುರೂಪಿ ಮರಿ ಒಂದು ಮುಂಜಾನೆ ಜಾಲಿಮುಳ್ಳು ಹತ್ತಿ, ಬೆನ್ನು ಸೀಳಿಕೊಂಡು, ಒಳಗಿಂದ ಹಸಿಹಸಿ ಕೊಡತಿ ಹುಳವಾಗಿ ಹೊರಬಂದದ್ದನ್ನು ಸೊಂಟದವರೆಗಿನ ನೀರಲ್ಲಿ ನಿಂತು ನೋಡಿದೆ. ನಾವು ಹುಡುಗರಿದ್ದಾಗ ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದೆವಲ್ಲ, ಅದೇ ಏರೋಪ್ಲೇನ್ ಚಿಟ್ಟೆ. ರೆಕ್ಕೆ ಒಣಗುವ ತನಕ ಅದು ಅಲುಗಲಿಲ್ಲ. ನಾನೂ ಅಲುಗಲಿಲ್ಲ. ಜನ್ಮದಲ್ಲಿ ಮೊದಲ ಸಲ ಅಷ್ಟು ಹೊತ್ತು ಒಂದೇ ಕಡೆ ನಿಂತಿದ್ದೆ. ಅಯ್ಯ, ಇಷ್ಟು ದಿನ ನನ್ನ ಕಾಲು ಹುಡುಕುತ್ತಿದ್ದದ್ದು ಇದನ್ನೇ ಏನು ಅನ್ನಿಸಿತು.

ಆದರೆ ಶನಿವಾರ ಬಂತೆಂದರೆ ಹೊರಡಲೇಬೇಕು. ಬಸ್ಸಿಳಿದು ಮನೆಗೆ ಹೋದವಳೇ ಮೊದಲು ನೋಡುತ್ತಿದ್ದದ್ದು ಮಗ್ಗವನ್ನು. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರ ಹೋದ ವಾರಕ್ಕಿಂತ ದಪ್ಪಗಾಗಿರುತ್ತಿತ್ತು. "ಅಪ್ಪಾ, ಯಾಕ ಅಷ್ಟ ಗಡಿಬಿಡಿ ಮಾಡತೀ? ಬೆನ್ನ ನೋಯ್ತೈತಿ" ಎಂದು ಕಾಳಜಿಯ ನಾಟಕ ಆಡುತ್ತಿದ್ದೆ. ಅಪ್ಪ ಲಾಳಿ ಎಸೆಯುತ್ತ ನಗುತ್ತಿದ್ದ. "ಮಗಳ ಮದುವಿ ಸೀರಿ ನೇಯೂ ಮುಂದ ಬೆನ್ನ ನೋಯೂದಿಲ್ಲ ಬೇ." ಅವನು ಸೆರಗನ್ನು ಕೊನೆಗೆ ನೇಯುವವನು. ಶ್ರಾವಣ ಕಳೆಯುವ ಹೊತ್ತಿಗೆ ಸೀರೆಯ ಮೈ ಮುಗಿಯಲು ಬಂದಿತ್ತು. ಇನ್ನು ಸೆರಗೊಂದೇ ಬಾಕಿ. ಅವ್ವ ಆಗಲೇ ಕೊಂಬಿನ ಅರಿಶಿಣ ತಂದು ಮಾಳಿಗೆಯ ಮೇಲೆ ಒಣಹಾಕಿದ್ದಳು. ಅವತ್ತು ವಾಪಸು ಬರುವಾಗ ಬಚ್ಚಲಿನ ಹಗ್ಗದ ಮೇಲಿದ್ದ ಅಪ್ಪನ ಹೊಸ ಧೋತರವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಸಂಜೆ ಗ್ಯಾಸ್‌ಬತ್ತಿಯ ಹಿಂದೆ ಬಿಳಿ ಬಟ್ಟೆ ಕಟ್ಟಿದರೆ ಹುಳಗಳು ಬಂದು ಕೂರುತ್ತವೆ. ನಮ್ಮ ಹಳೆಯ ಬಟ್ಟೆ ಹರಿದಿತ್ತು. ಕೇಳಿದರೆ ಕೊಡುತ್ತಿದ್ದ, ಆದರೆ ನನಗೆ ಅಪ್ಪನ ಮೇಲೆ ಸಿಟ್ಟಿತ್ತು, ಕೇಳಲಿಲ್ಲ.

ಅದರ ಮುಂದಿನ ಶನಿವಾರ. ಮಧ್ಯಾಹ್ನ ಮುಳುಗಿದ ಬದುವಿನ ಹತ್ತಿರ ಕೈ ಹಾಕಿ ನೀರಿನ ಕಸ ಎತ್ತುತ್ತಿದ್ದೆ. ಹೆಬ್ಬೆರಳಿನ ಬುಡಕ್ಕೆ ಕಾದ ಸೂಜಿ ಚುಚ್ಚಿದ ಹಾಗಾಯಿತು. "ಯವ್ವಾ ಸತ್ತೆ!" ಎಂದು ಕಿರುಚಿದರೂ ಕಸ ಕೈಬಿಡಲಿಲ್ಲ. ನೋಡಿದರೆ ನೀರಿನ ತಿಗಣೆ. ಅಗಲ, ಚಪ್ಪಟೆ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು, ಬೆನ್ನ ತುಂಬ ಸಜ್ಜೆ ಕಾಳು ಅಂಟಿಸಿದಂತೆ ತತ್ತಿ. ಮೇಡಂ ಅದನ್ನು ಸೀಸೆಗೆ ಹಾಕಿ ಕುಣಿದಾಡಿದರು. ಕುಣಿದಾಡಿದ ಮೇಲೆ ನನ್ನ ಕೈ ನೋಡಿ ಹೌಹಾರಿದರು. ಅಂಗೈ ಪುರಿಯ ಹಾಗೆ ಉಬ್ಬಿತ್ತು.

ಬೀಳಗಿಯ ದವಾಖಾನೆಯಲ್ಲಿ ಇಂಜೆಕ್ಷನ್ ಮಾಡಿದರು. ಇದರಿಂದ ಯಾರೂ ಸಾಯುವುದಿಲ್ಲ, ನೋವು ಎರಡು ದಿನ ಇರುತ್ತದೆ ಅಂದರು. ನಾನು ಒಳಗೆ ಹಾಸಿಗೆಯ ಮೇಲೆ ಹಲ್ಲು ಕಚ್ಚಿ ಮಲಗಿರುವಾಗ ಮೇಡಂ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಬನಹಟ್ಟಿಗೆ ಫೋನ್ ಮಾಡಿಬಂದರು. ನಮ್ಮ ಓಣಿಗೆಲ್ಲ ಒಂದೇ ಫೋನು, ಮೂಲೆಯ ಕಿರಾಣಿ ಅಂಗಡಿಯ ಶಿವಪ್ಪ ಕಾಕಾನದು. "ಇವತ್ತು ಶನಿವಾರ ಅಲ್ವ, ಕಾಯ್ತಾರೆ ಪಾಪ. ನೀನು ಬರಲ್ಲ ಅಂತ ಹೇಳಿದೆ. ಅವ್ರಿಗೆ ಸರಿಯಾಗಿ ಅರ್ಥವಾಗ್ಲಿ ಅಂತ ನಿಮ್ಮ ಭಾಷೇಲೇ ಹೇಳ್ದೆ. ಲೈನ್ ಕಟ್ ಆಯ್ತು, ಆದ್ರೆ ಅಷ್ಟರಲ್ಲಿ ಹೇಳಿ ಮುಗಿಸಿದ್ದೆ" ಎಂದು ಹೆಮ್ಮೆಯಿಂದ ನಕ್ಕರು. ನನಗೆ ಕೈ ಸಿಡಿಯುತ್ತಿತ್ತು. ಯಾವ ಮಾತಿನಲ್ಲಿ ಹೇಳಿದರು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಹಳ್ಳಿಗೆ ಮರಳಿದಾಗ ಸಂಜೆ. ಮಲಗು ಅಂದರು ಮೇಡಂ. ಮಲಗಿದರೆ ಕೈಯ ಜೊತೆ ತಲೆಯೂ ಸಿಡಿಯುತ್ತದೆ. ನಡೆಯಿರಿ ಬತ್ತಿ ಹಚ್ಚೋಣ ಅಂದೆ. ದಂಡೆಯ ಮೇಲೆ ಎರಡು ಗಳ ನೆಟ್ಟು, ಅಪ್ಪನ ಧೋತರ ಕಟ್ಟಿ, ಮುಂದೆ ಗ್ಯಾಸ್‌ಬತ್ತಿ ಇಟ್ಟೆವು. ಕತ್ತಲು ಇಳಿಯುತ್ತಿದ್ದಂತೆ ನೀರಿನ ಕಡೆಯಿಂದ ಬಂದವು ನೋಡಿ, ಒಂದು ದಿನದ ಆಯುಷ್ಯದ ಮೂರು ಬಾಲದ ಹುಳಗಳು, ಸೊಳ್ಳೆಯಂತಿದ್ದೂ ಕಚ್ಚದವು, ಕಂದು ಜೀರುಂಡೆಗಳು. ನೋಡಲು ಊರಿನ ಹತ್ತಾರು ಮಂದಿ ಸುತ್ತ ನಿಂತಿದ್ದರು. ಗಂಗವ್ವ ಎಲೆ ಅಡಿಕೆ ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. ನಾನು ಬಟ್ಟೆಯ ಹಿಂದೆ ನಿಂತು ಒಂದೇ ಕೈಯಲ್ಲಿ ಹುಳ ಆರಿಸುತ್ತಿದ್ದೆ.

ಮೇಲಿನ ದಾರಿಯಲ್ಲಿ ಒಂದು ಟೆಂಪೋ ನಿಂತ ಸದ್ದಾಯಿತು. ಆಮೇಲೆ ಒಂದು ಧ್ವನಿ. ಆ ಧ್ವನಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಅವ್ವ ಹಾಡಿಕೊಂಡು ಅಳುತ್ತಿದ್ದಳು, ಸತ್ತವರ ಮನೆಯಲ್ಲಿ ಅಳುತ್ತಾರಲ್ಲ, ಹಾಗೆ. "ನನ್ನ ಮಗಳ, ಸುವರ್ಣಾ, ಅರಿಶಿಣಾ ಒಣಗಸಾಕ ಇಟ್ಟಿದ್ನಲ್ಲಬೇ..." ದೂರದಿಂದ ಅವಳಿಗೆ ಕಂಡದ್ದು ಇಷ್ಟೇ: ಕತ್ತಲು, ಬತ್ತಿ, ಸುತ್ತ ನಿಂತ ಮಂದಿ, ನಡುವೆ ಬಿಳಿ ಬಟ್ಟೆ.

ನಾನು ಬಟ್ಟೆ ಸರಿಸಿ ಹೊರಬಂದೆ. ಕೂದಲ ತುಂಬ, ಸೀರೆಯ ತುಂಬ ರೆಕ್ಕೆಯ ಹುಳಗಳು. ಅವ್ವ ನನ್ನನ್ನು ನೋಡಿ ಇನ್ನೂ ಜೋರಾಗಿ ಚೀರಿದಳು. ಅಪ್ಪ ಚೀರಲಿಲ್ಲ. ನೇರ ಬಂದು ನನ್ನ ಎರಡೂ ಕಿವಿ ಹಿಡಿದು, ಮುಖ ಬೆಳಕಿಗೆ ತಿರುಗಿಸಿ, ಕಣ್ಣು ನೋಡಿದ.

"ಹುಳಾ ಮುಟ್ಟೇತಿ ಅಂದ್ರಲ್ಲ?" ಅಂದ.

"ಮುಟ್ಟೇತಪ್ಪಾ. ಇದು" ಎಂದು ಸೀಸೆ ತೋರಿಸಿದೆ.

ಶಿವಪ್ಪ ಕಾಕಾನೂ ಬಂದಿದ್ದ. ಸೀಸೆ ನೋಡಿ ಅವನ ಬಾಯಿ ತೆರೆದೇ ಉಳಿಯಿತು. "ಮೇಡಮ್ಮಾರ, ನೀವಾ ಅಂದೀರಲ್ರಿ, ಸುವರ್ಣಾಗ ಹುಳಾ ಮುಟ್ಟೇತ್ರಿ, ಇನ್ನ ಬರೂದಿಲ್ರಿ ಅಂತ!" ಮೇಡಂ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಸಿದು ಕೂತರು. "ಇವತ್ತು ಬರಲ್ಲ ಅನ್ನೋಕೆ ಹೋಗಿ..." ಎಂದು ಅಳುವ ಹಾಗಾದರು. ಗಂಗವ್ವ ಎಲೆ ಅಡಿಕೆ ಉಗುಳಿ, "ಕಲಿಸಿದಾಕಿ ನಾನಾ, ನನಗ ಬೈರಿ" ಎಂದು ನಗತೊಡಗಿದಳು. ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು. ಅವ್ವ ಮಾತ್ರ ನನ್ನ ಬೆನ್ನಿಗೆ ನಾಲ್ಕು ಗುದ್ದಿ, ಅಪ್ಪಿಕೊಂಡು, ಮತ್ತೆ ಗುದ್ದಿದಳು.

ಅಪ್ಪ ಸೀಸೆಯನ್ನು ಬತ್ತಿಯ ಹತ್ತಿರ ಹಿಡಿದಿದ್ದ. "ಬೆನ್ನ ಮ್ಯಾಲ ಏನದು?"

"ತತ್ತಿ. ಇದು ಗಂಡ ಹುಳಾ ಅಪ್ಪಾ. ಹೆಣ್ಣು ಇದರ ಬೆನ್ನ ಮ್ಯಾಲ ತತ್ತಿ ಇಟ್ಟು ಹೊಂಟ ಹೋಗತೈತಿ. ಮರಿ ಹೊರಗ ಬರೂತನಾ ಇದಾ ಹೊತ್ತು ತಿರಗತೈತಿ. ಅದಕ್ಕ ಮುಟ್ಟಿದ್ರ ಸಿಟ್ಟು."

"ನೋಡ್ರಿ ಮತ್ತ, ಹುಳಕ್ಕ ಬುದ್ಧಿ ಐತಿ. ಹಡದಾಕಿ ಆರಾಮ ಇರತಾಳ" ಅಂದಳು ಅವ್ವ ಕಣ್ಣೊರೆಸಿಕೊಳ್ಳುತ್ತ. ಅಪ್ಪ ನಗಲಿಲ್ಲ. ಸೀಸೆಯನ್ನು ಕಣ್ಣ ಹತ್ತಿರ ತಂದು ಆ ಬೆನ್ನಿನ ತತ್ತಿಗಳನ್ನೇ ನೋಡಿದ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಅವನ ಕಂಕುಳಲ್ಲಿದ್ದ ಗಂಟು. ಮಡಿಕೆ ಸಹ ಸರಿಯಿಲ್ಲದ ಬಿಳಿ ಬಟ್ಟೆ, ಕೆಂಪು ಅಂಚು, ಒಂದು ತುದಿಯಲ್ಲಿ ಹಾಸಿನ ನೂಲು ಜಡೆ ಬಿಚ್ಚಿದ ಹಾಗೆ ಜೋತಾಡುತ್ತಿತ್ತು. ಅವ್ವ ನನ್ನ ನೋಟ ನೋಡಿ ಹೇಳಿದಳು: "ಶಿವಪ್ಪ ಬಂದು ಸುದ್ದಿ ಹೇಳಿದ್ದಾ ತಡಾ, ನಿಮ್ಮಪ್ಪಾರು ಕತ್ತರಿ ತಗೊಂಡು ಮಗ್ಗದ ಮ್ಯಾಲಿನ ಸೀರಿ ಕೊಯ್ದಬಿಟ್ಟರವ್ವಾ. ಯಾರ ಮಾತೂ ಕೇಳಲಿಲ್ಲ."

ಯಾಕೆ ಕೊಯ್ದನೆಂದು ನನಗೆ ಹೊಳೆಯಿತು. ಮದುವೆಯಾಗದೆ ತೀರಿಹೋದ ಹೆಣ್ಣುಮಗಳನ್ನು ನಮ್ಮಲ್ಲಿ ಮದುವಣಗಿತ್ತಿಯ ಸೀರೆ ಹೊದಿಸಿಯೇ ಕಳಿಸುತ್ತಾರೆ. ಬನಹಟ್ಟಿಯಿಂದ ಇಲ್ಲಿಯ ತನಕ ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ. ನನಗೆ ಅಳು ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ಆ ಬಟ್ಟೆಯನ್ನು ದ್ವೇಷಿಸಿದ್ದೆನಲ್ಲ, ಈಗ ಅದನ್ನೇ ಅವುಚಿಕೊಂಡು ಅತ್ತೆ.

ಅಷ್ಟೂ ಅತ್ತ ಮೇಲೆ ಭಯ ಬಂತು. ಮಗ್ಗ ಮುಟ್ಟಿ ಆಡಿದ ಮಾತು. ಅವ್ವನಿಗೂ ಅದೇ ನೆನಪಾಗಿರಬೇಕು. "ಆತು, ಸೀರಿ ಮಗ್ಗದಿಂದ ಇಳದೇತಿ. ಸಾಮಾನ ಕಟ್ಟ. ಹೊಳ್ಳಿ ಇಲ್ಲಿಗೆ ಕಳಸೂದಿಲ್ಲ" ಅಂದಳು. ಮೇಡಂ ತಲೆ ತಗ್ಗಿಸಿದರು. ಇಷ್ಟಾದ ಮೇಲೆ ಅವರಾದರೂ ಯಾವ ಮುಖ ಇಟ್ಟುಕೊಂಡು, ಸುವರ್ಣ ಇಲ್ಲೇ ಇರಲಿ ಎಂದು ಕೇಳಿಯಾರು? ನಾನು ಅಪ್ಪನ ಕಡೆ ನೋಡಿದೆ. ನೀರಿನ ಕಡೆ ನೋಡಿದೆ. ಕತ್ತಲಲ್ಲಿ ಅದು ದಂಡೆಗೆ ಬಡಿಯುತ್ತಲೇ ಇತ್ತು.

ಅಪ್ಪ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಚ್ಚಿದ. ಉದ್ದಕ್ಕೂ ಬೆರಳಾಡಿಸುತ್ತ ಕೊಯ್ದ ತುದಿಯ ತನಕ ಬಂದ. ಪೇಟೆಯಲ್ಲಿ ಮಾಲು ಪರೀಕ್ಷೆ ಮಾಡುವ ಹಾಗೆ ಎರಡು ಸಲ ತಿರುವಿ ನೋಡಿದ.

"ಇದಕ್ಕ ಸೆರಗ ಎಲ್ಲೈತಿ?" ಅಂದ.

"ಸೆರಗ ನೇಯೂಕಿಂತ ಮೊದಲಾ ಕೊಯ್ದೀರಲ್ಲ" ಅಂದಳು ಅವ್ವ.

"ಸೆರಗಿಲ್ಲದ್ದು ಸೀರಿ ಹೆಂಗ ಆಗತೈತಿ? ಇದು ತುಂಡು. ಸೀರಿ ಇನ್ನಾ ಇಳದಿಲ್ಲ."

"ಮುಧೋಳದವರಿಗೆ ಏನ್ ಹೇಳತೀರಿ?"

"ಇದನ್ನಾ ಹೇಳತೀನಿ. ಸೀರಿ ಆಗಿಲ್ಲ ಅಂತೀನಿ. ಕಾಯೂದಾದ್ರ ಕಾಯಲಿ." ಆಮೇಲೆ ನನ್ನ ಕಡೆ ತಿರುಗಿದ. "ಈ ನೀರು ಯಾವಾಗ ಇಳಿತೈತಿ?"

"ಬ್ಯಾಸಗಿಗೆ ಅಪ್ಪಾ."

"ಹಂಗಾರ ನೀರು ಇಳದ ಮ್ಯಾಲ ಹೊಸಾ ಹಾಸು ಹಚ್ಚತೀನಿ." ಗಳಕ್ಕೆ ಕಟ್ಟಿದ ಬಟ್ಟೆಯನ್ನು ಅವನು ಆಗ ಸರಿಯಾಗಿ ನೋಡಿದ, ಗುರುತು ಹಿಡಿದ. "ಕಳ್ಳಿ, ನನ್ನ ಧೋತರ ಬಿಚ್ಚು. ಅಲ್ಲಿ ಈ ತುಂಡ ಕಟ್ಟು."

ನನ್ನ ಒಂದು ಕೈ ಬಾತಿತ್ತು, ಗಂಟು ಬೀಳಲಿಲ್ಲ. ಅವನೇ ಕಟ್ಟಿದ.